ಟ್ರ್ಯಾಕ್ಟರಿನ ಸ್ಟಾರ್ಟರ್ ಮೋಟಾರು: ಅದರ ಕೆಲಸವೂ ದೋಷಪರೀಕ್ಷೆಯೂ

ಮುಂಗಾರು ಮಳೆ ಬಿದ್ದು ಭೂಮಿಯು ಹದಕ್ಕೆ ಬಂದಾಗ ಬಿತ್ತನೆಗೆ ದೊರೆಯುವ ದಿನಗಳು ಬಹು ಕಡಮೆ. ಅಂಥ ದಿನ ಬೆಳಿಗ್ಗೆ ಟ್ರ್ಯಾಕ್ಟರಿನ ಇಂಜಿನು ಹೊರಡದೆ ನಿಂತರೆ ಹದವು ಆರಿಹೋಗುವುದಲ್ಲದೆ ಆಳುಗಳ ಕೂಲಿಯೂ ವ್ಯರ್ಥವಾಗುವುದು. ಆಗ ಅನೇಕರು ಸ್ಟಾರ್ಟರ್ ಮೋಟಾರೇ ಕೆಟ್ಟಿತೆಂದೆಣಿಸಿ, ಅದನ್ನು ಬಿಚ್ಚಿಸಿ ಪಟ್ಟಣಕ್ಕೆ ಕಳುಹಿಸುವರು. ಆದರೆ ದೋಷವು ಹಲವು ವೇಳೆ ಬ್ಯಾಟರಿಯಲ್ಲಿಯೋ ತಂತಿಯ ಸಂದುಗಳಲ್ಲಿಯೋ ಇರುವುದು. ಇದನ್ನು ಹೊಲದಲ್ಲಿಯೇ ಪರೀಕ್ಷಿಸಿ ತಿಳಿಯಬಹುದು.

ಕೆಲಸಮಾಡುವ ಕ್ರಮ.— ಡೀಸೆಲ್ ಇಂಜಿನಿನ ಸಿಲಿಂಡರಿನೊಳಗಣ ಗಾಳಿಯು ಚೆನ್ನಾಗಿ ಒತ್ತಲ್ಪಟ್ಟು ಬಿಸಿಯಾದ ಹೊರತು ಎಣ್ಣೆಯು ಹೊತ್ತಿಕೊಳ್ಳದು. ಆದುದರಿಂದ ಮೊದಲು ಹೊರಗಿನ ಬಲದಿಂದ ಇಂಜಿನನ್ನು ತಕ್ಕಷ್ಟು ವೇಗವಾಗಿ ತಿರುಗಿಸಬೇಕು. ಹಿಂದೆ ಮೋಟಾರು ಗಾಡಿಗಳನ್ನು ಕೈಹಿಡಿಯಿಂದ ತಿರುಗಿಸಿ ಹೊರಡಿಸುತ್ತಿದ್ದರು. ಹಿಡಿಯು ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರುಂಟು. 1911ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು ಕಾರುಗಳಿಗೆ ವಿದ್ಯುತ್ ಸ್ಟಾರ್ಟರನ್ನು ರೂಪಿಸಿದರು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಳಕೆಗೆ ಬಂದಿತು. ರೈತರು ‘ಸೆಲ್ಫ್’ ಎಂದು ಕರೆಯುವುದು ಇದನ್ನೇ.

ಕೀಲಿಕೈಯನ್ನು ತಿರುಗಿಸಿದೊಡನೆ ಸಾಲಿನಾಯ್ಡ್ ಎಂಬ ತಂತಿಯ ಸುರುಳಿಗೆ ವಿದ್ಯುತ್ತು ಹರಿದು, ಅದು ಅಯಸ್ಕಾಂತದಂತಾಗಿ ಕಬ್ಬಿಣದ ದಿಂಡೊಂದನ್ನು ಒಳಗೆಳೆಯುವುದು. ಇದರಿಂದ ಎರಡು ಕೆಲಸಗಳಾಗುವುವು: ಮೋಟಾರಿನ ತುದಿಯ ಸಣ್ಣ ಹಲ್ಲುಚಕ್ರವು ಮುಂದೆ ಸರಿದು ಇಂಜಿನಿನ ಫ್ಲೈವೀಲಿನ ಹಲ್ಲುಗಳಿಗೆ ಕೂಡಿಕೊಳ್ಳುವುದು; ಒಳಗಿನ ತಾಮ್ರದ ಬಿಲ್ಲೆಯು ದಪ್ಪ ತಂತಿಗಳ ಎರಡು ತುದಿಗಳನ್ನು ಜೋಡಿಸಿ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಬಿಡುವುದು. ಸಣ್ಣ ಚಕ್ರವು ಸುಮಾರು 10ರಿಂದ 15 ಸುತ್ತು ತಿರುಗಿದರೆ ಫ್ಲೈವೀಲು ಒಂದು ಸುತ್ತು ತಿರುಗುವುದು. ಹೀಗೆ ಚಿಕ್ಕ ಮೋಟಾರು ಭಾರವಾದ ಇಂಜಿನನ್ನು ತಿರುಗಿಸಬಲ್ಲದು.

ಮುಂದಿನ ದೀಪವೊಂದಕ್ಕೆ ನಾಲ್ಕೈದು ಆಂಪಿಯರ್ ಸಾಕು. ಸ್ಟಾರ್ಟರಿಗೆ ನೂರಾರು ಆಂಪಿಯರ್ ಬೇಕು. ಆದಕಾರಣ ದೀಪ ಉರಿದ ಮಾತ್ರಕ್ಕೆ ಬ್ಯಾಟರಿಯು ಸರಿಯಾಗಿದೆಯೆಂದು ನಂಬಕೂಡದು.

ದೀಪದ ಪರೀಕ್ಷೆ.— ಮುಂದಿನ ದೀಪಗಳನ್ನು ಹೊತ್ತಿಸಿ ಕೀಲಿಕೈಯನ್ನು ತಿರುಗಿಸಿ, ದೀಪವನ್ನು ನೋಡುತ್ತ ಶಬ್ದವನ್ನು ಕೇಳತಕ್ಕದ್ದು.

(1) ದೀಪಗಳು ತೀರ ಮಂಕಾಗಿ, ‘ಟಕಟಕ’ವೆಂಬ ಶಬ್ದ ಬಂದರೆ ಬ್ಯಾಟರಿಯಲ್ಲಿ ಶಕ್ತಿ ಕುಂದಿದೆ, ಇಲ್ಲವೆ ತಂತಿಯ ಸಂದು ಸಡಿಲವಾಗಿದೆ.

(2) ದೀಪಗಳು ಮಂಕಾಗದೆ, ಒಂದೇ ಸಲ ‘ಟಕ್’ ಎಂದು ಮೋಟಾರು ತಿರುಗದಿದ್ದರೆ ಸಾಲಿನಾಯ್ಡಿನ ಬಿಲ್ಲೆ ಸುಟ್ಟಿರಬಹುದು, ಅಥವಾ ಮೋಟಾರಿನ ಕಾರ್ಬನ್ ಬ್ರಷ್ಷುಗಳು ಸವೆದಿರಬಹುದು.

(3) ಶಬ್ದವೇ ಬಾರದಿದ್ದರೆ ಗೇರು ನ್ಯೂಟ್ರಲಿನಲ್ಲಿದೆಯೇ, ಕ್ಲಚ್ಚು ಪೂರ್ತಿ ಒತ್ತಿದೆಯೇ ಎಂದು ನೋಡಬೇಕು. ಬಳಿಕ ಫ್ಯೂಸು, ಸ್ವಿಚ್ಚು ಮತ್ತು ಸಣ್ಣ ತಂತಿಗಳನ್ನು ಪರೀಕ್ಷಿಸಬೇಕು.

(4) ಮೋಟಾರು ‘ಗುಂಯ್’ ಎಂದು ತಿರುಗಿದರೂ ಇಂಜಿನು ತಿರುಗದಿದ್ದರೆ ಹಲ್ಲುಚಕ್ರದ ಕ್ಲಚ್ಚು ಜಾರುತ್ತಿದೆ, ಅಥವಾ ಹಲ್ಲುಗಳು ಸವೆದಿವೆ.

(5) ಇಂಜಿನು ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ದೋಷವು ಸ್ಟಾರ್ಟರಿನದಲ್ಲ. ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿರುವುದನ್ನೂ ಫಿಲ್ಟರನ್ನೂ ನೋಡತಕ್ಕದ್ದು.

ಬ್ಯಾಟರಿಯ ಆರೈಕೆ.— ಮೀಟರಿದ್ದವರು ವೋಲ್ಟನ್ನು ಅಳೆಯಬಹುದು. 12 ವೋಲ್ಟಿನ ಬ್ಯಾಟರಿಯು ಪೂರ್ಣ ತುಂಬಿ ವಿಶ್ರಾಂತಿಯಲ್ಲಿರುವಾಗ ಸುಮಾರು 12.6 ವೋಲ್ಟ್ ತೋರುವುದು. ಇಂಜಿನನ್ನು ತಿರುಗಿಸುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಸಂದೇಹಿಸಬೇಕು. ತುದಿಗಳಲ್ಲಿ ಬಿಳಿ ಅಥವಾ ಹಸಿರು ಕಿಲುಬು ಕಟ್ಟಿದ್ದರೆ ಮೊದಲು ನೆಗೆಟಿವ್ ತಂತಿಯನ್ನು, ಆಮೇಲೆ ಪಾಸಿಟಿವ್ ತಂತಿಯನ್ನು ಬಿಚ್ಚಿ, ಅಡಿಗೆ ಸೋಡ ಬೆರೆಸಿದ ನೀರಿನಿಂದ ತೊಳೆಯಬೇಕು; ಆ ನೀರು ಬ್ಯಾಟರಿಯೊಳಗೆ ಸೇರಬಾರದು. ಒರಸಿ, ಬಿಗಿದು, ಮೇಲೆ ವ್ಯಾಸಲೀನನ್ನು ಸವರಬೇಕು. ಕೂಡಿಸುವಾಗ ನೆಗೆಟಿವ್ ತಂತಿಯೇ ಕೊನೆಯದು. ಅದರ ಇನ್ನೊಂದು ತುದಿ ಟ್ರ್ಯಾಕ್ಟರಿನ ಮೈಗೆ ಸೇರುವೆಡೆ ತುಕ್ಕು ಹಿಡಿದಿದ್ದರೂ ಇದೇ ದೋಷ ತೋರುವುದು; ಇದನ್ನು ಬಹುಮಂದಿ ಮರೆಯುವರು. ನೀರು ತುಂಬಿಸುವ ಬಗೆಯ ಬ್ಯಾಟರಿಗೆ ಬಟ್ಟಿಯಿಳಿಸಿದ ನೀರನ್ನಲ್ಲದೆ ಬಾವಿಯ ನೀರನ್ನು ಹಾಕಲಾಗದು. ಬ್ಯಾಟರಿಯಿಂದ ಹೊರಡುವ ಅನಿಲವು ಸಿಡಿಯತಕ್ಕದ್ದಾದುದರಿಂದ ಹತ್ತಿರ ಬೀಡಿ ಸೇದುವುದು ಅಪಾಯಕರ.

ಸ್ಟಾರ್ಟರನ್ನು ಒಂದೇ ಸಮನೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸುವುದು ಮೇಲು. ಬಿಡುವಿಲ್ಲದೆ ಹೊಡೆದರೆ ಮೋಟಾರಿನ ಸುರುಳಿಗಳು ಕಾದು ಸುಡುವುವು.

ಪ್ರಾಣಾಪಾಯ.— ಕೆಲವರು ನೆಲದ ಮೇಲೆ ನಿಂತು, ಸ್ಟಾರ್ಟರಿನ ಎರಡು ತುದಿಗಳಿಗೆ ಸ್ಪ್ಯಾನರನ್ನೋ ತಿರುಪುಳಿಯನ್ನೋ ಮುಟ್ಟಿಸಿ ಇಂಜಿನನ್ನು ಹೊರಡಿಸುವರು. ಹೀಗೆ ಮಾಡಿದರೆ ಗೇರು, ಕ್ಲಚ್ಚುಗಳ ರಕ್ಷಣಾ ಸ್ವಿಚ್ಚುಗಳು ನಿಷ್ಫಲವಾಗುವುವು. ಗೇರಿನಲ್ಲಿದ್ದ ಟ್ರ್ಯಾಕ್ಟರು ತಟ್ಟನೆ ಮುಂದೆ ನುಗ್ಗುವುದು. ನಿಂತವನು ಹಿಂದಿನ ಗಾಲಿಯ ದಾರಿಯಲ್ಲಿಯೇ ಇರುವನು. ಹಾರಿ ತಪ್ಪಿಸಿಕೊಳ್ಳಲು ಸಮಯವಿರದು. ಇಂಜಿನನ್ನು ಚಾಲಕನು ಆಸನದಲ್ಲಿ ಕುಳಿತೇ ಹೊರಡಿಸತಕ್ಕದ್ದು.

ಜಮೀನುದಾರರು ಮಳೆಗಾಲಕ್ಕೆ ಮುಂಚೆಯೇ ಬ್ಯಾಟರಿಯನ್ನೂ ತಂತಿಗಳನ್ನೂ ಪರೀಕ್ಷಿಸಿಡಲಿ. ಗ್ರಾಮದ ಮುಖಂಡರು ಟ್ರ್ಯಾಕ್ಟರು ನಡೆಸುವ ಹುಡುಗರಿಗೆ ಈ ಅಪಾಯವನ್ನು ತಿಳಿಯಹೇಳಲಿ. ಹದವು ತಪ್ಪಿದರೆ ಒಂದು ಬೆಳೆ ನಷ್ಟ. ಅವಸರದಲ್ಲಿ ಎಚ್ಚರ ತಪ್ಪಿದರೆ ಮನೆಯ ಮಗನೇ ಇಲ್ಲವಾಗುವನು.