ಅರ್ಕಾವೊತ್ತಿನ ಹಿಂದೊಂದು ಕಾಯಕ

ಕಂಪ್ಯೂಟರಿನಲ್ಲಿ ‘ಸೂರ್ಯ’ ಎಂದು ಟೈಪ್ ಮಾಡಿ. ಯಂತ್ರ ಈ ಪದವನ್ನು ನಾವು ಉಚ್ಚರಿಸುವ ಕ್ರಮದಲ್ಲೇ ಇಟ್ಟುಕೊಳ್ಳುತ್ತದೆ: ಸ, ಅದರ ಸ್ವರಚಿಹ್ನೆ, ರ, ಹಲಂತ, ಯ. ಆದರೆ ತೆರೆಯ ಮೇಲೆ ಯ ಮುಂದೆ ಬಂದು, ರ ಅರ್ಕಾವೊತ್ತಾಗಿ ಅದರ ಹಿಂದೆ ನಿಲ್ಲಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದ ಹಿಂದೆ 6 ಸಂಕೇತಗಳಿವೆ. ಫಾಂಟಿನಲ್ಲಿ ಆಕಾರಗಳೂ ನಿಯಮಗಳೂ ಇರುತ್ತವೆ ನಿಜ, ಆದರೆ ಅವನ್ನು ಓದಿಕೊಂಡು ಯಾವ ಒತ್ತು ಎಲ್ಲಿ ಕೂರಬೇಕೆಂದು ತೀರ್ಮಾನಿಸಲು ಬೇರೊಂದು ತಂತ್ರಾಂಶ ಬೇಕು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಆ ಕೆಲಸ ಮಾಡುವುದು ಹಾರ್ಫ್‌ಬಝ್ ಎಂಬ ಮುಕ್ತ ಲೈಬ್ರರಿ.

ಇಂಥ ಲೈಬ್ರರಿಯನ್ನು ಬರೆದವರ ಹೆಸರಾದರೂ ಅಲ್ಲಲ್ಲಿ ಕೇಳಿಬರುತ್ತದೆ. ಅದನ್ನು ಒಂದೊಂದು ಆಪರೇಟಿಂಗ್ ಸಿಸ್ಟಂಗೆ ಒಗ್ಗಿಸಿ, ವರ್ಷಗಟ್ಟಲೆ ಕೆಡದಂತೆ ನೋಡಿಕೊಳ್ಳುವ ಮೇಂಟೇನರ್‌ಗಳನ್ನು ಕೇಳುವವರಿಲ್ಲ. ಈ ಬರಹ ಅವರ ಬಗ್ಗೆ.

ಅಂಥ ಒಂದು ಆಪರೇಟಿಂಗ್ ಸಿಸ್ಟಂ ಫ್ರೀಬಿಎಸ್‌ಡಿ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ ಪರಂಪರೆಯಿಂದ 1993ರಲ್ಲಿ ಅದು ಹುಟ್ಟಿತು. ಹೊರಗಿನ ತಂತ್ರಾಂಶಗಳನ್ನು ಅದಕ್ಕೆ ಹೊಂದಿಸಿ ಒಂದೆಡೆ ಜೋಡಿಸಿಡುವ ‘ಪೋರ್ಟ್ಸ್’ ಸಂಗ್ರಹವನ್ನು ಮರುವರ್ಷ ಜೋರ್ಡನ್ ಹಬ್ಬರ್ಡ್ ಆರಂಭಿಸಿದರು. ಇಂದು ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಪೋರ್ಟ್‌ಗಳಿವೆ. ಹಾರ್ಫ್‌ಬಝ್ ಇರುವುದು ‘ಪ್ರಿಂಟ್’ ವಿಭಾಗದಲ್ಲಿ.

ಪೋರ್ಟ್ ಎಂದರೆ ಕೆಲವೇ ಕಡತಗಳಿರುವ ಒಂದು ಫೋಲ್ಡರ್. ತಂತ್ರಾಂಶದ ಮೂಲ (ಸೋರ್ಸ್ ಕೋಡ್) ಎಲ್ಲಿ ಸಿಗುತ್ತದೆ, ಅದನ್ನು ಕಟ್ಟುವುದು ಹೇಗೆ, ಬೇರೆ ಯಾವ ಲೈಬ್ರರಿಗಳು ಬೇಕು, ಹೊಣೆ ಯಾರದು ಎಂಬುದೆಲ್ಲ ಮೇಕ್‌ಫೈಲ್ ಎಂಬ ಕಡತದಲ್ಲಿ ಇರುತ್ತದೆ. ಇನ್ನೊಂದು ಕಡತದಲ್ಲಿ ಮೂಲದ ಗಾತ್ರವೂ 64 ಅಕ್ಷರ–ಅಂಕಿಗಳ ಗುರುತೂ ಇರುತ್ತವೆ. ದಾರಿಯಲ್ಲಿ ಯಾರಾದರೂ ಮೂಲದ ಒಂದೇ ಒಂದು ಅಕ್ಷರ ಬದಲಿಸಿದರೂ ಗುರುತು ತಾಳೆಯಾಗದೆ ಕೆಲಸ ಅಲ್ಲೇ ನಿಲ್ಲುತ್ತದೆ. ಹೊಸ ಆವೃತ್ತಿ ಬಂದಾಗ ಮೇಂಟೇನರ್ ಈ ಕಡತಗಳನ್ನು ತಿದ್ದಿ, ಬೇರೇನೂ ಇಲ್ಲದ ಸ್ವಚ್ಛ ಪರಿಸರದಲ್ಲಿ ಕಟ್ಟಿ ಪರೀಕ್ಷಿಸುತ್ತಾರೆ.

ಒಂದು ಆಟಕ್ಕೋ ಪಠ್ಯ ಸಂಪಾದಕಕ್ಕೋ ಇಷ್ಟು ಸಾಕು. ಲೈಬ್ರರಿಯಾದರೆ ನಿಜವಾದ ಕಷ್ಟ ಇಲ್ಲಿಂದಾಚೆಗೆ. ಐಸಿಯು ಎಂಬ ಯೂನಿಕೋಡ್ ಲೈಬ್ರರಿಯನ್ನೇ ನೋಡಿ. ಅದರ ಪ್ರತಿ ದೊಡ್ಡ ಆವೃತ್ತಿಯಲ್ಲೂ ಲೈಬ್ರರಿ ಕಡತದ ಕೊನೆಯ ಸಂಖ್ಯೆ ಬದಲಾಗುತ್ತದೆ. ಹಳೆಯ ಸಂಖ್ಯೆಯ ಕಡತವನ್ನು ನಂಬಿದ್ದ ತಂತ್ರಾಂಶಗಳು ಮಾರನೆಯ ದಿನ ‘ಲೈಬ್ರರಿ ಸಿಗಲಿಲ್ಲ’ ಎಂದು ತೆರೆದುಕೊಳ್ಳದೆ ನಿಂತುಬಿಡುತ್ತವೆ. ಹಾಗಾಗದಿರಲು, ಅದನ್ನು ಅವಲಂಬಿಸಿದ ಪ್ರತಿಯೊಂದು ಪೋರ್ಟನ್ನೂ ಹುಡುಕಿ, ಅದರ ಮೇಕ್‌ಫೈಲ್‌ನಲ್ಲಿ ಪೋರ್ಟ್‌ರಿವಿಷನ್ ಎಂಬ ಅಂಕಿಯನ್ನು ಒಂದು ಏರಿಸಬೇಕು. ಆಗಷ್ಟೇ ಅವೆಲ್ಲ ಮರಳಿ ಕಟ್ಟಲ್ಪಟ್ಟು ಬಳಕೆದಾರರನ್ನು ತಲುಪುತ್ತವೆ. ಒಂದು ಲೈಬ್ರರಿ ಬದಲಾದರೆ ನೂರಾರು ಪೋರ್ಟ್‌ಗಳನ್ನು ಮುಟ್ಟಬೇಕಾಗುತ್ತದೆ. ಮದುವೆಮನೆಯ ಅಡುಗೆಭಟ್ಟರಂತೆ, ಎಲ್ಲವೂ ಸರಿಯಾದ ದಿನ ಈ ಮೇಂಟೇನರ್‌ಗಳ ನೆನಪು ಯಾರಿಗೂ ಬರುವುದಿಲ್ಲ.

ಈ ಸಂಖ್ಯೆಯ ವಿಷಯದಲ್ಲಿ ಹಾರ್ಫ್‌ಬಝ್ ಬಳಗವನ್ನು ಮೆಚ್ಚಲೇಬೇಕು. ಆವೃತ್ತಿಗಳು ಎಷ್ಟೇ ಏರಿದರೂ ಅದರ ಮುಖ್ಯ ಲೈಬ್ರರಿಯ ಆ ಸಂಖ್ಯೆ ಸೊನ್ನೆಯಾಗಿಯೇ ಉಳಿದಿದೆ. ಹಳೆಯ ತಂತ್ರಾಂಶಗಳ ಮೇಲಿನ ಈ ಕಾಳಜಿ ಎಷ್ಟೋ ಮೇಂಟೇನರ್‌ಗಳ ರಾತ್ರಿ ನಿದ್ದೆ ಉಳಿಸಿದೆ. ಐಸಿಯು ಜತೆ ಬೆಸೆಯುವ ಭಾಗವನ್ನು ಫ್ರೀಬಿಎಸ್‌ಡಿಯಲ್ಲಿ ಬೇರೆ ಪೋರ್ಟ್ ಆಗಿಯೇ ಇಟ್ಟಿದ್ದಾರೆ. ಹಾಗಾಗಿ ಐಸಿಯು ಬದಲಾದಾಗ ಆ ಚಿಕ್ಕ ಭಾಗವನ್ನು ಮರಳಿ ಕಟ್ಟಿದರೆ ಸಾಕು, ಮೂಲ ಹಾರ್ಫ್‌ಬಝ್ ಕದಲುವುದಿಲ್ಲ.

ಇದರಲ್ಲಿ ಬಹುಪಾಲು ಕೆಲಸ ಸಂಬಳವಿಲ್ಲದ ದುಡಿಮೆ. ಉದ್ಯೋಗ, ಮನೆ, ಮಕ್ಕಳ ನಡುವೆ ಬಿಡುವು ಮಾಡಿಕೊಂಡು ಮಾಡುವಂಥದ್ದು. ಕೆಲವರು ಸುಸ್ತಾಗಿ ಬಿಟ್ಟುಬಿಡುತ್ತಾರೆ. ಆಗ ಮೇಂಟೇನರ್ ಎಂಬ ಸಾಲಿನಲ್ಲಿ ಅವರ ಹೆಸರು ಹೋಗಿ ಪೋರ್ಟ್ಸ್ ಬಳಗದ ಸಾಮಾನ್ಯ ವಿಳಾಸ ಬರುತ್ತದೆ. ಆ ಪೋರ್ಟ್‌ಗೆ ಹೇಳಿಕೊಳ್ಳಲು ಯಾರೂ ಇಲ್ಲ ಎಂದೇ ಅದರರ್ಥ. ದಣಿದವರನ್ನು ಒಂಟಿಯಾಗಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಲೈಬ್ರರಿಯ ಪ್ರಕರಣ ತೋರಿಸಿಕೊಟ್ಟಿತು. ಬಳಲಿದ್ದ ಮೂಲ ಲೇಖಕರಿಗೆ ನೆರವಾಗುವ ನೆಪದಲ್ಲಿ ಒಳಸೇರಿದವರೊಬ್ಬರು ಅದರೊಳಗೆ ಕಳ್ಳಬಾಗಿಲು ಇಟ್ಟಿದ್ದರು. ಲಾಗಿನ್ ಆಗಲು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ಅದನ್ನು ಬೆನ್ನಟ್ಟಿ ಬಯಲಿಗೆಳೆದರು.

ನಮ್ಮಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಕೊರತೆಯಿಲ್ಲ. ಯಜಮಾನರಿಲ್ಲದ ಒಂದು ಪೋರ್ಟನ್ನು ವಹಿಸಿಕೊಳ್ಳಲು ಪದವಿಯೂ ಬೇಡ, ಯಾರ ಶಿಫಾರಸೂ ಬೇಡ. ತಿದ್ದುಪಡಿ ಕಳಿಸಿದರೆ ಅಧಿಕಾರವುಳ್ಳ ಹಿರಿಯರು ಪರಿಶೀಲಿಸಿ ಸೇರಿಸುತ್ತಾರೆ. ಕನ್ನಡದ ಒತ್ತು ತಪ್ಪಿ ಕೂತರೆ ಅದನ್ನು ನೋಡಿದ ಕೂಡಲೇ ಗುರುತಿಸುವ ಕಣ್ಣು ಕನ್ನಡಿಗರದ್ದು. ಫಾಂಟ್‌ಗೋ ಅಕ್ಷರಕ್ಕೋ ಸಂಬಂಧಿಸಿದ ಒಂದೇ ಒಂದು ಪೋರ್ಟನ್ನಾದರೂ ಆರಿಸಿಕೊಳ್ಳಿ, ಅದರ ಹೊಣೆ ಹೊರಿ.