ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆಗ್ತಿದ್ಯಾ? ಡಿಸ್ಕ್ ಎಸೆಯೋ ಮೊದಲು ಓದಿ

ನಾನು ಪಾಠ ಮಾಡುವುದು ನಾಸಿಕ್ ಹತ್ತಿರದ ದಿಂಡೋರಿಯಲ್ಲಿ. ಸುತ್ತ ದ್ರಾಕ್ಷಿ ತೋಟ, ಕಿವಿಗೆ ಮರಾಠಿ ಮತ್ತು ಉರ್ದು. ಕನ್ನಡ ನನಗೆ ಸಿಗೋದು ಊರಿನ ಫೋನಿನಲ್ಲಿ ಮತ್ತು ಇಂಥ ಬರಹದಲ್ಲಿ ಮಾತ್ರ.

ಶಾಲೆಗೆ ಯಾರೋ ದಾನ ಕೊಟ್ಟ ಹಳೇ ಕಂಪ್ಯೂಟರಿನಲ್ಲಿ ಇನ್‌ಪೇಜ್ ಹಾಕಿ ಉರ್ದು ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದೆವು. ಪುಟ ಸರಿಸುತ್ತಾ ಸೇವ್ ಒತ್ತಿದರೆ ಮೌಸ್ ಬಾಣ ಅಲ್ಲೇ ನಿಲ್ಲೋದು, ಡಿಸ್ಕಿನ ಕೆಂಪು ದೀಪ ಆರದೆ ಉರಿಯೋದು. ರಿಪೇರಿಯವರು ಡಿಸ್ಕ್ ಹೋಗಿದೆ ಅಂದರು. ಹೊಸದು ಹಾಕಿಸಿದೆವು, ಮತ್ತೆ ಅದೇ ಕಥೆ. ಪರೀಕ್ಷೆಗೆ ಉಳಿದದ್ದು ಒಂದೇ ವಾರ.

ಆಗಿದ್ದೇನು ಅಂತ ಹೇಳ್ತೀನಿ. ಗ್ರಾಫಿಕ್ಸ್ ಕಾರ್ಡ್, ಡಿಸ್ಕ್ ಕಂಟ್ರೋಲರ್ ಇವೆಲ್ಲ ಪ್ರೊಸೆಸರನ್ನು 'ನನ್ನ ಕಡೆ ನೋಡು' ಎಂದು ಕರೆಯಲು ಬಳಸುವ ಸಂಕೇತಕ್ಕೆ ಇಂಟರಪ್ಟ್ ಎನ್ನುತ್ತಾರೆ. ಹಳೇ ಪಿಸಿಯಲ್ಲಿ ಇವು 0ಯಿಂದ 15ರವರೆಗೆ ಹದಿನಾರೇ. 0 ಗಡಿಯಾರಕ್ಕೆ, 1 ಕೀಬೋರ್ಡಿಗೆ, 14 ಮತ್ತು 15 ಬೋರ್ಡಿನದೇ ಐಡಿಇ ಡಿಸ್ಕುಗಳಿಗೆ. ಬೇರೆಯಾಗಿ ಸಿಕ್ಕಿಸಿದ ಪಿಸಿಐ ಕಾರ್ಡುಗಳು ಉಳಿದದ್ದನ್ನು ಹಂಚಿಕೊಳ್ಳಬೇಕು. ಹಂಚಿಕೊಳ್ಳೋದು ತಪ್ಪಲ್ಲ, ಪಿಸಿಐ ಅದಕ್ಕೆ ಒಪ್ಪುತ್ತೆ. ಆದರೆ ಕರೆ ಬಂದಾಗ 'ಇದು ನನಗೋ, ಪಕ್ಕದವನಿಗೋ' ಎಂದು ಪ್ರತಿ ಡ್ರೈವರ್ ಸರಿಯಾಗಿ ನೋಡಬೇಕು. ಒಬ್ಬ ತಪ್ಪಿದರೂ ಇಡೀ ಯಂತ್ರ ಕಾಯುತ್ತಾ ಕೂರುತ್ತೆ.

ಇನ್ನೊಂದು ಜಗಳ ದಾರಿಯದು. ಸಾಮಾನ್ಯ ಪಿಸಿಐ ದಾರಿಯಲ್ಲಿ ಎಲ್ಲ ಕಾರ್ಡುಗಳಿಗೂ ಸೇರಿ ಸೆಕೆಂಡಿಗೆ ಸುಮಾರು 133 ಎಂಬಿ. 1990ರ ದಶಕದ ಕೆಲವು ಗ್ರಾಫಿಕ್ಸ್ ಡ್ರೈವರುಗಳು ವೇಗದ ಆಸೆಗೆ, ಕಾರ್ಡಿನಲ್ಲಿ ಜಾಗ ಇದೆಯೋ ಇಲ್ಲವೋ ನೋಡದೆ ಡೇಟಾ ತುರುಕುತ್ತಿದ್ದವು. ಡಿಸ್ಕ್ ಪಾಪ, ಬಾಗಿಲಲ್ಲೇ ನಿಂತಿರೋದು.

ಹಾಗಾದರೆ ನೀವು ಏನು ಮಾಡಬೇಕು? ಮೊದಲು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಫೈಲುಗಳನ್ನು ನಕಲು ಮಾಡಿಕೊಳ್ಳಿ. ಡಿಸ್ಕ್ ಬರೆಯುವಾಗ ಪವರ್ ತೆಗೆದೂ ತೆಗೆದೂ ಫೈಲ್ ಕೆಡುತ್ತೆ. ನಮ್ಮ ಎರಡು ಪತ್ರಿಕೆ ಹಾಗೇ ಹೋದವು. ಆಮೇಲೆ ಫ್ಯಾನಿನ ಧೂಳು, ರ್ಯಾಮ್, ಪವರ್ ಸಪ್ಲೈ ನೋಡಿ, ಹೆಚ್ಚಿನ ಸಲ ಕಳ್ಳ ಅಲ್ಲೇ ಇರ್ತಾನೆ. ಅವು ಸರಿಯಿದ್ದು, ಪರದೆ ಮತ್ತು ಡಿಸ್ಕ್ ಒಟ್ಟಿಗೆ ದುಡಿಯುವಾಗ ಮಾತ್ರ ನಿಲ್ಲುತ್ತಿದ್ದರೆ ಸಂಘರ್ಷದ ಅನುಮಾನ ಪಡಿ. ವಿಂಡೋಸಿನ ರನ್‌ನಲ್ಲಿ ಎಂಎಸ್‌ಇನ್ಫೋ32 ಕೊಟ್ಟು 'ಕಾನ್‌ಫ್ಲಿಕ್ಟ್ಸ್/ಶೇರಿಂಗ್' ತೆರೆದರೆ ಯಾರು ಯಾರ ಜೊತೆ ಹಂಚಿಕೊಂಡಿದ್ದಾರೆ ಅಂತ ಕಾಣುತ್ತೆ.

ನಮ್ಮಲ್ಲಿ ಬೋರ್ಡಿನ ಐಡಿಇ ಸುಟ್ಟುಹೋಗಿ ಸೇಟಾ ಕಾರ್ಡ್ ಹಾಕಿದ್ದರು, ಅದೂ ಎಜಿಪಿ ಪಕ್ಕದ ಮೊದಲ ಸ್ಲಾಟಿಗೆ. ಬಹಳ ಬೋರ್ಡುಗಳಲ್ಲಿ ಆ ಸ್ಲಾಟಿಗೂ ಎಜಿಪಿಗೂ ಒಂದೇ ಇಂಟರಪ್ಟ್ ತಂತಿ. ಇಬ್ಬರೂ 11ರಲ್ಲಿದ್ದರು. ಪ್ಲಗ್ ಕಿತ್ತು, ಕಾರ್ಡನ್ನು ಮೂರನೇ ಸ್ಲಾಟಿಗೆ ಬದಲಿಸಿ, ಬಯೋಸ್‌ನಲ್ಲಿ 'ರೀಸೆಟ್ ಕಾನ್ಫಿಗರೇಶನ್ ಡೇಟಾ' ಮಾಡಿದೆ. ಖರ್ಚು ಸೊನ್ನೆ. ಸ್ಲಾಟ್ ಬದಲಿಸಿಯೂ ಆಗದಿದ್ದರೆ ಎರಡರ ಡ್ರೈವರ್ ಬದಲಿಸಿ ನೋಡಿ, ಇಲ್ಲವೇ ಬೋರ್ಡಿನದೇ ಗ್ರಾಫಿಕ್ಸ್ ಇದ್ದರೆ ಕಾರ್ಡ್ ತೆಗೆದುಬಿಡಿ.

ಹೊಸ ಲ್ಯಾಪ್‌ಟಾಪ್ ಇರೋರು ಇದನ್ನು ಹುಡುಕಬೇಡಿ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಕರೆ ತಂತಿಯ ಬದಲು ಸಂದೇಶವಾಗಿ ಹೋಗಬಲ್ಲದು, ಜಗಳ ಅಪರೂಪ. ನಮ್ಮ ಆ ಹಳೇ ಪೆಟ್ಟಿಗೆಯಲ್ಲಿ ಪತ್ರಿಕೆ ಗುರುವಾರ ಸಂಜೆ ಪ್ರಿಂಟ್ ಆಯ್ತು.