ಗಡ್ಡೆಯ ಉಳಿದ ಚೂರಿಗೂ ಒಂದು ಸಹಿ
ಬ್ರಿಟನ್‌ನಲ್ಲಿ ನೆಲೆಸಿರುವ ಅಮ್ಮನಿಗೋ ಅಕ್ಕನಿಗೋ ಗರ್ಭಕೋಶದ ಒಳಪದರದ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆ ನಿಗದಿಯಾದಾಗ, ಆಸ್ಪತ್ರೆಯವರು ಇನ್ನೊಂದು ಒಪ್ಪಿಗೆ ಪತ್ರವನ್ನೂ ಮುಂದಿಡಬಹುದು. ತಪಾಸಣೆಗೆ ಬಳಸಿ ಉಳಿದ ಗಡ್ಡೆಯ ಚೂರನ್ನು ಸಂಶೋಧನೆಗೆ ಇಟ್ಟುಕೊಳ್ಳಲೇ ಎಂಬ ಕೋರಿಕೆ ಅದು. ಊರಿನಲ್ಲಿ ಕೂತು ಫೋನಿನಲ್ಲಿ ಕೇಳಿದರೆ ನಮಗೆ ಗಾಬರಿಯಾಗುವುದು ಸಹಜ. ಬೇಡವೆಂದರೂ ಚಿಕಿತ್ಸೆಗೆ ತೊಂದರೆಯಿಲ್ಲ. ಒಪ್ಪಿದವರು ಆಮೇಲೆ ಮನಸ್ಸು ಬದಲಿಸಬಹುದು. ಅಷ್ಟರಲ್ಲಿ ಬಳಸಿ ಮುಗಿದದ್ದು ಮಾತ್ರ ವಾಪಸ್ ಬಾರದು.

ಇಂಥ ಚೂರುಗಳು ಹೆಸರಿನ ಬದಲು ಸಂಕೇತ ಸಂಖ್ಯೆಯೊಂದಿಗೆ, ಸಾಮಾನ್ಯವಾಗಿ ಮೈನಸ್ 80 ಡಿಗ್ರಿ ಚಳಿಯಲ್ಲಿ, ಅಂಗಾಂಶ ಬ್ಯಾಂಕಿನಲ್ಲಿರುತ್ತವೆ. ಒಂದೇ ಆಸ್ಪತ್ರೆಯ ಮಾದರಿ ಸಾಲುವುದಿಲ್ಲ. ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ ಹಲವು ಆಸ್ಪತ್ರೆಗಳಿಂದ ಬಂದ 373 ಗಡ್ಡೆಗಳನ್ನು ಪರೀಕ್ಷಿಸಿ, ಈ ಕಾಯಿಲೆಯಲ್ಲಿ ನಾಲ್ಕು ಬಗೆಗಳಿವೆಯೆಂದು 2013ರಲ್ಲಿ ತೋರಿಸಿತು. ಸೂಕ್ಷ್ಮದರ್ಶಕದಲ್ಲಿ ಉಗ್ರವಾಗಿ ಕಂಡರೂ ‘ಪೋಲ್’ ಎಂಬ ಜೀನ್‌ನ ದೋಷವಿರುವ ಗಡ್ಡೆಯವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ ಎಂಬುದು ಗಟ್ಟಿಯಾದದ್ದು ಹೀಗೆ. 2023ರಲ್ಲಿ ರೋಗದ ಹಂತ ಗುರುತಿಸುವ ಅಂತರರಾಷ್ಟ್ರೀಯ ಪದ್ಧತಿಯಲ್ಲೂ ಇದು ಸೇರಿತು.

ಆದರೆ ಇಂಥ ಬ್ಯಾಂಕುಗಳಲ್ಲಿ ಹೆಚ್ಚಿನವು ಬಿಳಿಯರ ಮಾದರಿಗಳು, ನಮ್ಮ ಕಡೆಯವರದು ಕಡಿಮೆ. ಆದ್ದರಿಂದ ಒಪ್ಪುವುದೇ ಒಳ್ಳೆಯದು ಎನ್ನುತ್ತೇವೆ ನಾವು. ತೀರ್ಮಾನ ಮಾತ್ರ ಆಕೆಯದೇ, ಮಗನದೂ ಅಲ್ಲ, ಗಂಡನದೂ ಅಲ್ಲ. ಮಾದರಿ ಔಷಧ ಕಂಪನಿಗೆ ಅಥವಾ ಬೇರೆ ದೇಶಕ್ಕೆ ಹೋಗುತ್ತದೆಯೇ ಎಂದು ಸಹಿಗೆ ಮೊದಲೇ ಕೇಳಲಿ. ಇಂಗ್ಲಿಷ್ ತೊಡಕಾದರೆ ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ ದುಭಾಷಿಯ ನೆರವನ್ನು ಉಚಿತವಾಗಿ ಕೇಳಿ ಪಡೆಯಬಹುದು.